ಮುಚ್ಚಿದೆ ಎಂದು ಅದಕ್ಕೆ ಗೊತ್ತಾಗಬೇಕು

ಸಂ-ಲೂಯಿಯ ಕಬ್ಬಿಣದ ಸೇತುವೆ ಇಳಿದು ಬಲಕ್ಕೆ
ತಗಡಿನ ಮಾಡಿನ ಕೆಳಗೆ ಮಸ್ಸಾಂಬನ ಮೇಜು.
ಮೇಲೆ ಬಿಳಿ ಟವೆಲು, ಸ್ಕ್ರೂ ಉರುಳಿ ಕಳೆಯದಂತೆ.
ಹೊಟ್ಟೆ ಬಿಚ್ಚಿ ಮಲಗಿದ ಎರಡು ಕ್ಯಾಮೆರಾ,
ಶಾಲೆ ಮಕ್ಕಳ ರಬ್ಬರು, ಮದರಂಗಿಯವರ ಸೂಜಿ,
ಗಾಳಿ ಊದುವ ಕಪ್ಪು ಬುರುಡೆ.

ನನ್ನ ಮುಂದೆ ಇಬ್ಬರು.

ಮೊದಲನೆಯವನು ದೋಣಿ ನಡೆಸುವವನು.
ಕ್ಯಾಮೆರಾ ಸಮುದ್ರಕ್ಕೆ ಬಿದ್ದಿತ್ತಂತೆ,
ಮೂರು ದಿನ ಅಕ್ಕಿ ಚೀಲದಲ್ಲಿ ಹೂತಿಟ್ಟಿದ್ದನಂತೆ.
ಮಸ್ಸಾಂಬ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ,
ಒಳಗೆ ಕಾಳು ಸದ್ದು ಮಾಡಿತು.
"ಉಪ್ಪಿದೆ, ಅಕ್ಕಿಯಿದೆ. ಒಂದು ಮೀನು ಹಾಕಿದ್ದರೆ
ಮಧ್ಯಾಹ್ನದ ಊಟವಾಗುತ್ತಿತ್ತು."
ದೋಣಿಯವನು ನಗಲಿಲ್ಲ.

ಎರಡನೆಯವಳು ಮದುವೆ ಫೋಟೋದ ಯಾಂದೆ:
"ಒಂದು ವಾರದಿಂದ ನನ್ನ ಎಲ್ಲ ಮದುಮಗಳಿಗೂ
ಒಂದೇ ಕಡೆ ಒಂದೇ ಮಚ್ಚೆ."
ಮರುಭೂಮಿಯ ಗಾಳಿ ಬೀಸುವ ತಿಂಗಳು,
ನಮ್ಮ ಹಲ್ಲಿನ ಸಂದಿಯಲ್ಲೂ ಮರಳು.
ಕಿಂಡಿಯನ್ನು ಇಪ್ಪತ್ತೆರಡಕ್ಕೆ ಕಿರಿದು ಮಾಡಿ
ಬರಿಯ ಆಕಾಶದ ಒಂದು ಚಿತ್ರ ತೆಗೆಸಿದ.
ಇತ್ತು, ಮೇಲೆ, ಎಡಕ್ಕೆ, ನುಚ್ಚಿನಷ್ಟು.
"ಮೇಲಿದ್ದದ್ದು ಒಳಗೆ ಕೆಳಗಿರುತ್ತೆ. ಎಡ ಮಾತ್ರ ಎಡವೇ."
ಅವಳು ಊದಲು ಬಗ್ಗಿದಳು, ಅವನು ಕೈ ಅಡ್ಡ ಹಿಡಿದ:
"ಬಾಯಿಂದ ಬೇಡ ತಾಯಿ, ಇದು ಒಲೆಯಲ್ಲ.
ಉಗುಳು ಕೂತರೆ ಮಚ್ಚೆ ಹೋಗಿ ಸಿಡುಬು ಬರುತ್ತೆ."
ಮತ್ತೆ, ಕಣ್ಣಿಟ್ಟು ನೋಡುವಾಗ ಕಾಣುವ ಆ ಕೂದಲು?
"ಕಣ್ಣಿಗೆ ಕಾಣುವ ಕೊಳೆ ಚಿತ್ರಕ್ಕೆ ಬರಲ್ಲ,
ಚಿತ್ರಕ್ಕೆ ಬರುವ ಕೊಳೆ ಕಣ್ಣಿಗೆ ಕಾಣಲ್ಲ.
ಅದನ್ನು ಬಿಡು, ಇದಕ್ಕೆ ದುಡ್ಡು ಕೊಡು."

ಆಮೇಲೆ ನಾನು.

ನಿನ್ನೆ ನಾಮಕರಣ, ಎಂಟು ದಿನದ ಕೂಸು.
ಹಿರಿಯರು ಬಗ್ಗಿ ಕಿವಿಯಲ್ಲಿ ಹೆಸರು ಉಸುರುವ ಹೊತ್ತಿಗೆ
ಕ್ಯಾಮೆರಾ ಸತ್ತಿತು.
ಬ್ಯಾಟರಿ ಬದಲಿಸಿದೆ. ಇಲ್ಲ.
ಅಂಗಿಗೆ ಉಜ್ಜಿ ಮತ್ತೆ ಹಾಕಿದೆ. ಇಲ್ಲ.
ಗಂಜಿ ಹಾಕಿದ ಬಟ್ಟೆ ಸರಬರ ಎನಿಸುತ್ತ ಎಲ್ಲರೂ
ನನ್ನ ಕಡೆಗೇ ಹಲ್ಲು ಬಿಟ್ಟು ನಿಂತಿದ್ದರು.
ನಾನು ಒತ್ತುತ್ತಲೇ ಹೋದೆ,
ನಾಲಿಗೆಯಲ್ಲಿ ಟಿಕ್ ಟಿಕ್ ಎನ್ನುತ್ತ.
ಅಜ್ಜಿ ಸ್ವಲ್ಪ ಈ ಕಡೆ, ಎಂದೆ. ಇನ್ನೊಂದು, ಎಂದೆ.
ಮುಂಗಡ ಎಣಿಸಿ ಕೊಟ್ಟರು. ಇಸಿದುಕೊಂಡೆ.

ನಾಲಿಗೆಯ ವಿಷಯ ಮಸ್ಸಾಂಬನಿಗೆ ಹೇಳಲಿಲ್ಲ.

ಅವನು ಲೆನ್ಸನ್ನು ಮುಟ್ಟಲೂ ಇಲ್ಲ. ಬೋರಲು ಹಾಕಿ
ಬ್ಯಾಟರಿ ಬಾಗಿಲಿನ ಅಂಚಿಗೆ ಬೆರಳುಗುರು ಆಡಿಸಿದ.
ಎಳ್ಳಿನಷ್ಟು ಒಂದು ಹಲ್ಲು ಮುರಿದಿತ್ತು.
"ಬ್ಯಾಟರಿ ಚೆನ್ನಾಗಿದೆ. ಬಾಗಿಲು ಮುಚ್ಚಿದೆ.
ಆದರೆ ಮುಚ್ಚಿದೆ ಎಂದು ಅದಕ್ಕೆ ಗೊತ್ತಾಗಬೇಕಲ್ಲ.
ಈ ಹಲ್ಲು ಒಳಗಿನ ಗುಂಡಿ ಒತ್ತಿದರೇ ಅದು ನಂಬೋದು."
ಬೆಂಕಿಕಡ್ಡಿ ಮುರಿದ, ಬ್ಲೇಡಿನಲ್ಲಿ ಕೆತ್ತಿದ,
ಒಂದು ಹನಿ ಅಂಟು, ನೂರರವರೆಗೆ ಎಣಿಕೆ.
ಪರದೆ ಬೆಳಗಿತು.
ಇನ್ನೂರು ಫ್ರಾಂಕು, ಬೈಗುಳ ಬಿಟ್ಟಿ:
"ಕುತ್ತಿಗೆಗೆ ಚರ್ಮದ ಪಟ್ಟಿ, ಲೆನ್ಸಿಗೆ ಟೊಪ್ಪಿ,
ಅದಕ್ಕೆಲ್ಲ ದುಡ್ಡಿದೆ. ಹಳೆಯದೊಂದು ಕ್ಯಾಮೆರಾ
ಚೀಲದಲ್ಲಿಟ್ಟುಕೊಳ್ಳೋಕೆ ಇಲ್ಲ."

ಸಂಜೆ ಹೋಗಿ, ಹೊಸ್ತಿಲಲ್ಲೇ ನಿಂತು,
ಅಜ್ಜಿಗೆ ನಿಜ ಹೇಳಿದೆ. ನಾಲಿಗೆಯನ್ನೂ ಹೇಳಿದೆ.
ಅವಳು ತುಂಬ ಹೊತ್ತು ನನ್ನ ಚಪ್ಪಲಿ ನೋಡಿದಳು.
"ಹೆಸರು ಕಿವಿಗೆ ಹೋಗಿಯಾಯ್ತು,
ಕುರಿ ಹೊಟ್ಟೆಗೆ ಹೋಗಿಯಾಯ್ತು,
ಯಾವುದನ್ನೇ ವಾಪಸು ಕರೆಯಲಿ?"
ಆಮೇಲೆ ಒಳಗೆ ತಿರುಗಿ ಕೂಗಿದಳು:
ಎಲ್ಲರೂ ನಿನ್ನೆಯ ಬಟ್ಟೆ ಹಾಕಿಕೊಳ್ಳಿ!

ಹಿರಿಯರು ಬೆಳಗಿನ ಬಸ್ಸಿಗೆ ಹೊರಟುಹೋಗಿದ್ದರು.
ಪಕ್ಕದ ಮನೆಯ ದರ್ಜಿಗೂ ಅಷ್ಟೇ ಬಿಳಿ ಗಡ್ಡ.
ಅವನು ಕೂಸಿನ ಕಿವಿಗೆ ಬಗ್ಗಿ, ತಲೆಯೆತ್ತಿ ಕೇಳಿದ,
ಏನು ಹೇಳಲಿ?
"ಹೆಸರೊಂದು ಬಿಟ್ಟು ಏನಾದರೂ ಹೇಳಪ್ಪ."

ಏನೋ ಹೇಳಿದ. ಕೂಸು ಸೀನಿತು.
ಒತ್ತಿದೆ.
ಈ ಸಲದ ಸದ್ದು ನನ್ನ ಬಾಯಿಯದಲ್ಲ.